ಟಾರೆಸ್ ಜಲಸಂಧಿಯ ಬಾಕಿ ಸಂಬಳ

ಆನ್ಜಾಕ್ ದಿನವಾದ ಏಪ್ರಿಲ್ 25 ಬಂತೆಂದರೆ ಸಿಡ್ನಿಯ ವೆಸ್ಟ್‌ಮೀಡ್‌ನ ನಮ್ಮ ಕನ್ನಡ ಮಕ್ಕಳೂ ಗಲಿಪೊಲಿಯ ಪಾಠ ಒಪ್ಪಿಸುತ್ತಾರೆ. ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಗೆ ನುಗ್ಗಿದ ಬ್ರಿಟಿಷ್ ಮತ್ತು ಫ್ರೆಂಚ್ ಪಡೆ 1915ರ ಮಾರ್ಚ್ 18ರಂದು ಮೂರು ಯುದ್ಧನೌಕೆ ಕಳೆದುಕೊಂಡಿತು. ನೀರಿನಲ್ಲಿ ಆಗದ್ದನ್ನು ನೆಲದಲ್ಲಿ ಸಾಧಿಸಲೆಂದು ಏಪ್ರಿಲ್ 25ರಂದು ಸೈನಿಕರನ್ನು ಪಕ್ಕದ ಗಲಿಪೊಲಿಯ ದಡಕ್ಕಿಳಿಸಿದರು. ಎಂಟು ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಸತ್ತರು, ಜಲಸಂಧಿ ದಕ್ಕಲಿಲ್ಲ.

ಅಷ್ಟು ದೂರದ ಜಲಸಂಧಿ ಬಾಯಿಪಾಠವಾಗಿರುವ ನಮಗೆ ಈ ದೇಶದ ನೆತ್ತಿಯ ಮೇಲಿರುವ ಟಾರೆಸ್ ಮಾತ್ರ ಗೊತ್ತಿಲ್ಲ. ಕೇಪ್ ಯಾರ್ಕ್‌ಗೂ ನ್ಯೂಗಿನಿಗೂ ನಡುವೆ ಸುಮಾರು 150 ಕಿ.ಮೀ. ಅಗಲದ, ಹವಳದ ದಿಬ್ಬಗಳು ತುಂಬಿದ ಕಡಲು ಅದು. ಪೂರ್ವ ಕರಾವಳಿಯ ಹಡಗುಗಳು ಡಾರ್ವಿನ್‌ಗೆ ಹೋಗುವ ಹತ್ತಿರದ ದಾರಿಯೂ ಅದೇ. 1942ರ ಮಾರ್ಚ್ 14ರಂದು ಜಪಾನಿನ ವಿಮಾನಗಳು ಅಲ್ಲಿನ ಹಾರ್ನ್ ದ್ವೀಪದ ವಾಯುನೆಲೆಯ ಮೇಲೆರಗಿದವು. ಕಾವಲಿಗೆ ನಿಂತವರಲ್ಲಿ ಟಾರೆಸ್ ಸ್ಟ್ರೇಟ್ ಲೈಟ್ ಇನ್‌ಫೆಂಟ್ರಿ ಬೆಟಾಲಿಯನ್ನಿನ ದ್ವೀಪವಾಸಿಗಳೂ ಇದ್ದರು. ಎಂಟುನೂರಕ್ಕೂ ಹೆಚ್ಚು ಮಂದಿ, ಎಲ್ಲರೂ ತಾವಾಗಿ ಸೇರಿದವರು. ಅವರಿಗೆ ಸಿಕ್ಕಿದ್ದು ಬಿಳಿಯ ಸೈನಿಕನ ಸಂಬಳದ ಮೂರನೆಯ ಒಂದು ಪಾಲು. 1943ರ ಕೊನೆಯಲ್ಲಿ, ಯುದ್ಧದ ನಡುವೆಯೇ, ಅವರು ಕೆಲಸಕ್ಕೆ ಹೋಗದೆ ಮುಷ್ಕರ ಹೂಡಿದರು. ಆಗ ಸಂಬಳ ಮೂರನೆಯ ಎರಡಕ್ಕೆ ಏರಿತು. ಪೂರ್ತಿ ಬಾಕಿ ತೀರಿದ್ದು 1980ರ ದಶಕದಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ಮಣ್ಣು ಸೇರಿದ್ದರು. ಮತದ ಹಕ್ಕು ಕೊಡದ, ಪೂರ್ತಿ ಕೂಲಿಯನ್ನೂ ಕೊಡದ ದೇಶಕ್ಕಾಗಿ ಅವರು ಬಂದೂಕು ಹಿಡಿದಿದ್ದರು. ಇದನ್ನು ನಾಚಿಕೆಗೇಡು ಎನ್ನದೆ ಬೇರೇನೆನ್ನಬೇಕು?

ಸಾಮ್ರಾಜ್ಯಕ್ಕಾಗಿ ಹೋರಾಡಿ ಪಾಠಪುಸ್ತಕದ ಹೊರಗೆ ಉಳಿದವರ ಕಥೆ ಕನ್ನಡಿಗರಾದ ನಮಗೇನೂ ಹೊಸದಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರಿನ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್, ಜೋಧಪುರದ ಪಡೆಯೊಂದಿಗೆ ಸೇರಿ ಪ್ಯಾಲೆಸ್ತೀನಿನ ಹೈಫಾ ಗೆದ್ದಾಗ ಅವರ ಮೇಲಿನ ಸೇನಾಪತಿ ಆಸ್ಟ್ರೇಲಿಯದ ಹ್ಯಾರಿ ಶೋವೆಲ್. ಈ ನಂಟು ಇಲ್ಲಿನ ಎಷ್ಟು ಕನ್ನಡ ಮನೆಗಳಿಗೆ ಗೊತ್ತು?

ಬೆಳಗಿನ ಜಾವದ ಸ್ಮರಣೆಗೆ ಪ್ಯಾರಮಟ್ಟಾಕ್ಕೆ ಹೋಗುವವರು ಹೋಗಲಿ, ಅದು ಸರಿಯೇ. ಆದರೆ ಆದಿವಾಸಿ ಮತ್ತು ಟಾರೆಸ್ ದ್ವೀಪದ ಯೋಧರ ನೆನಪಿಗೆಂದು ರೆಡ್‌ಫರ್ನ್‌ನಲ್ಲಿ 2007ರಲ್ಲಿ ಶುರುವಾದ ಮೆರವಣಿಗೆಯೂ ಇದೆ. ವೆಸ್ಟ್‌ಮೀಡ್‌ನಿಂದ ರೈಲು ಬದಲಿಸುವ ಗೋಜೂ ಇಲ್ಲ. ಮುಂದಿನ ಆನ್ಜಾಕ್ ದಿನ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಿರಿ.