ಮಕ್ಕಳ ಒಂಟಿ ವಿಮಾನ ಪ್ರಯಾಣ: ಶುಲ್ಕ ಕಟ್ಟಿದರೆ ಸೇವೆ ಸಿಗುತ್ತೆ, ವಿಮಾನ ರದ್ದಾದರೆ ಹೊಣೆ ಯಾರದ್ದು?

ಕೊರೊನಾ ಲಾಕ್‌ಡೌನ್‌ನಿಂದ ಎರಡು ತಿಂಗಳು ನಿಂತಿದ್ದ ದೇಶೀಯ ವಿಮಾನ ಸಂಚಾರ 2020ರ ಮೇ 25ರಂದು ಮತ್ತೆ ಶುರುವಾಯಿತು. ಅಂದು ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಎಲ್ಲರ ಗಮನ ಸೆಳೆದದ್ದು, ದೆಹಲಿಯಿಂದ ಒಬ್ಬನೇ ಬಂದಿಳಿದ ಐದು ವರ್ಷದ ಬಾಲಕ. ಮೂರು ತಿಂಗಳಿಂದ ಅಮ್ಮನಿಂದ ದೂರವಿದ್ದ ಆತ ‘ವಿಶೇಷ ವರ್ಗ’ದ ಪ್ರಯಾಣಿಕನಾಗಿ ಬಂದಿದ್ದ. ಮಾಸ್ಕ್ ತೊಟ್ಟ ಆ ಪೋರನ ಫೋಟೊ ದೇಶದೆಲ್ಲೆಡೆ ಹರಿದಾಡಿತು.

ಐದು ವರ್ಷದ ಮಗುವೂ ಒಂಟಿಯಾಗಿ ವಿಮಾನ ಏರಬಹುದು ಎಂಬುದು ಅನೇಕರಿಗೆ ಗೊತ್ತಾದದ್ದೇ ಆಗ. ಆದರೆ ಆ ಮಗುವಿನ ಹೊಣೆ ಯಾವ ಹಂತದಲ್ಲಿ ಯಾರದ್ದು ಎಂಬುದು ಇಂದಿಗೂ ಬಹಳಷ್ಟು ಪೋಷಕರಿಗೆ ಸ್ಪಷ್ಟವಿಲ್ಲ.

ಮುಂಬೈ, ಪುಣೆ, ಹೈದರಾಬಾದ್, ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೂರದ ವಿಷಯವೇನಲ್ಲ. ಬೇಸಿಗೆ ರಜೆ ಬಂದರೆ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸಬೇಕು. ಮೊದಲೆಲ್ಲ ಊರಿಗೆ ಹೊರಟ ಪರಿಚಯದವರು ಯಾರಾದರೂ ಸಿಕ್ಕರೆ ಬಸ್ಸಿನಲ್ಲೋ ರೈಲಿನಲ್ಲೋ ಅವರ ಜತೆ ಮಾಡಿ ಕಳಿಸುವುದಿತ್ತು. ಅಪ್ಪ ಅಮ್ಮ ಇಬ್ಬರಿಗೂ ರಜೆ ಸಿಗದ ಮನೆಗಳಲ್ಲಿ ಈಗ ಆ ಜಾಗಕ್ಕೆ ವಿಮಾನಯಾನ ಸಂಸ್ಥೆಯ ಸಿಬ್ಬಂದಿ ಬಂದಿದ್ದಾರೆ.

ಸೇವೆ ಹೇಗೆ ನಡೆಯುತ್ತದೆ?

ಭಾರತದ ಪ್ರಮುಖ ವಿಮಾನಯಾನ ಸಂಸ್ಥೆಗಳು ಸಾಮಾನ್ಯವಾಗಿ 5ರಿಂದ 12 ವರ್ಷದೊಳಗಿನ ಮಕ್ಕಳಿಗೆ ಈ ಸೇವೆ ಕೊಡುತ್ತವೆ. ಟಿಕೆಟ್ ದರದ ಜತೆಗೆ ಪ್ರತ್ಯೇಕ ಶುಲ್ಕವಿದೆ. ಬಿಡಲು ಬರುವವರು ಯಾರು, ಕರೆದೊಯ್ಯಲು ಬರುವವರು ಯಾರು ಎಂಬುದನ್ನು ಮೊದಲೇ ಅರ್ಜಿಯಲ್ಲಿ ಬರೆದುಕೊಡಬೇಕು. ಇಳಿದ ಊರಿನಲ್ಲಿ ಗುರುತಿನ ಚೀಟಿ ನೋಡಿ, ಸಹಿ ಪಡೆದು ಮಗುವನ್ನು ಒಪ್ಪಿಸಲಾಗುತ್ತದೆ. ಶುಲ್ಕ, ಮಾರ್ಗ, ಒಂದು ವಿಮಾನದಲ್ಲಿ ಎಷ್ಟು ಮಕ್ಕಳು ಎಂಬ ಷರತ್ತುಗಳು ಮಾತ್ರ ಸಂಸ್ಥೆಯಿಂದ ಸಂಸ್ಥೆಗೆ ಬೇರೆ.

ಹಣ ಕಟ್ಟಿದ ಮಾತ್ರಕ್ಕೆ ಮಗುವಿನ ಪಕ್ಕದಲ್ಲಿ ಒಬ್ಬರು ಕೂರುತ್ತಾರೆ ಎಂದುಕೊಂಡರೆ ತಪ್ಪು. ಪ್ರತಿ 50 ಸೀಟಿಗೆ ಒಬ್ಬರಂತೆ ಗಗನಸಖಿಯರು ಇರಬೇಕೆಂಬುದು ನಿಯಮ. 180 ಸೀಟಿನ ವಿಮಾನದಲ್ಲಿ ನಾಲ್ವರು. ಅವರ ಮೊದಲ ಕೆಲಸ ಇಡೀ ವಿಮಾನದ ಸುರಕ್ಷತೆ. ಮಗುವಿನ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ, ಅಷ್ಟೇ.

ಎಡವಟ್ಟು ಆಗುವುದು ನೆಲದ ಮೇಲೆ

ಆಕಾಶದಲ್ಲಿ ಮಗು ಎಲ್ಲಿಗೂ ಹೋಗಲಾರದು. ಅಪಾಯ ಇರುವುದು ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಹೊತ್ತಿನಲ್ಲಿ. ಅಮೆರಿಕದಲ್ಲಿ 2023ರ ಡಿಸೆಂಬರ್ 21ರಂದು ನಡೆದದ್ದು ಇದೇ. ಫಿಲಡೆಲ್ಫಿಯಾದಿಂದ ಫೋರ್ಟ್ ಮೈಯರ್ಸ್‌ನಲ್ಲಿರುವ ಅಜ್ಜಿಯ ಬಳಿಗೆ ಹೊರಟಿದ್ದ ಆರು ವರ್ಷದ ಬಾಲಕನನ್ನು ಸ್ಪಿರಿಟ್ ಏರ್‌ಲೈನ್ಸ್ ಸಿಬ್ಬಂದಿ ಒರ್ಲ್ಯಾಂಡೊ ವಿಮಾನಕ್ಕೆ ಹತ್ತಿಸಿದ್ದರು. ಬ್ಯಾಗು ಸರಿಯಾದ ಊರಿಗೇ ಬಂತು, ಮಗು ಬೇರೆ ಊರಿನಲ್ಲಿ ಇಳಿಯಿತು. ಸಂಸ್ಥೆ ಕ್ಷಮೆ ಕೇಳಿತು. ಮಗು ಸದಾ ತನ್ನ ಸಿಬ್ಬಂದಿಯ ನಿಗಾದಲ್ಲೇ ಇತ್ತು ಎಂದೂ ಹೇಳಿಕೊಂಡಿತು. ನಿಗಾ ಇದ್ದೂ ಊರು ತಪ್ಪಿತೆಂದರೆ ‘ನಿಗಾ’ ಎಂಬ ಮಾತಿಗೆ ಅರ್ಥವೇನು?

ಅಮೆರಿಕದಲ್ಲೂ ಒಂಟಿ ಮಕ್ಕಳ ಪ್ರಯಾಣಕ್ಕೆ ಸಾರಿಗೆ ಇಲಾಖೆಯ ಏಕರೂಪದ ನಿಯಮವಿಲ್ಲ. ಆಯಾ ಸಂಸ್ಥೆ ಬರೆದುಕೊಂಡದ್ದೇ ನಿಯಮ.

ವಿಮಾನ ರದ್ದಾದರೆ?

2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ಸಾಲು ಸಾಲಾಗಿ ವಿಮಾನಗಳನ್ನು ರದ್ದು ಮಾಡಿತು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಲಿಲ್ಲ. ದೊಡ್ಡವರೇ ಟರ್ಮಿನಲ್ ನೆಲದ ಮೇಲೆ ರಾತ್ರಿ ಕಳೆದರು. ಅಂಥ ದಿನ ಎಂಟು ವರ್ಷದ ಮಗು ಒಂಟಿಯಾಗಿ ಹೊರಟಿದ್ದರೆ?

ವಿಮಾನ ರದ್ದಾದರೆ ಹಣ ವಾಪಸು ಇಲ್ಲವೇ ಬೇರೆ ವಿಮಾನ, ವಿಳಂಬವಾದರೆ ಊಟ, ರಾತ್ರಿ ತಂಗಬೇಕಾಗಿ ಬಂದರೆ ಹೋಟೆಲ್ ಎಂಬುದು ನಮ್ಮಲ್ಲಿರುವ ಪರಿಹಾರದ ಸ್ವರೂಪ. ಇದೆಲ್ಲ ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಮಗುವಿಗೆ ಬೇಕಾದದ್ದು ಹೋಟೆಲ್ ಕೋಣೆಯಲ್ಲ, ಜತೆಗೊಬ್ಬರು. ಐರೋಪ್ಯ ಒಕ್ಕೂಟ 2004ರಲ್ಲೇ ರೂಪಿಸಿದ 261ನೇ ನಿಯಮಾವಳಿ, ಇಂಥ ಸಂದರ್ಭದಲ್ಲಿ ಒಂಟಿಯಾಗಿ ಪ್ರಯಾಣಿಸುವ ಮಕ್ಕಳ ಅಗತ್ಯಗಳಿಗೆ ವಿಶೇಷ ಗಮನ ಕೊಡಬೇಕೆಂದು ವಿಮಾನಯಾನ ಸಂಸ್ಥೆಗಳಿಗೆ ನೇರವಾಗಿ ಹೇಳುತ್ತದೆ.

12 ದಾಟಿದವರು ದೊಡ್ಡವರೇ?

ಇನ್ನೊಂದು ತೊಡಕು ವಯಸ್ಸಿನದ್ದು. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ವಿಮಾನಯಾನ ಸಂಸ್ಥೆಗಳ ಲೆಕ್ಕದಲ್ಲಿ 12 ತುಂಬಿದರೆ ದೊಡ್ಡವರ ಟಿಕೆಟ್. ಆ ಬಳಿಕ ಈ ಸೇವೆ ಕಡ್ಡಾಯವಲ್ಲ. ಕೆಲವು ಸಂಸ್ಥೆಗಳು ಕೇಳಿಕೊಂಡರೆ ಮಾತ್ರ ಕೊಡುತ್ತವೆ. ರೈಲು ನಿಲ್ದಾಣದಲ್ಲಿ ಒಂಟಿ ಮಕ್ಕಳನ್ನು ಗುರುತಿಸಿ ರಕ್ಷಿಸಲು ಆರ್‌ಪಿಎಫ್ ‘ನನ್ಹೇ ಫರಿಶ್ತೆ’ ಕಾರ್ಯಾಚರಣೆ ನಡೆಸುತ್ತದೆ. ವಿಮಾನ ನಿಲ್ದಾಣದಲ್ಲಿ ಹದಿಮೂರರ ಬಾಲಕಿಯ ಕೈಯಲ್ಲಿ ಬೋರ್ಡಿಂಗ್ ಪಾಸ್ ಇದ್ದರೆ ಆಕೆ ಎಲ್ಲರಂತೆ ಒಬ್ಬ ಪ್ರಯಾಣಿಕಳು.

ನಿಯಂತ್ರಕರು ಮಕ್ಕಳ ವಿಚಾರದಲ್ಲಿ ಸುಮ್ಮನಿದ್ದಾರೆ ಎಂದಲ್ಲ. 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ಪೋಷಕರೊಬ್ಬರ ಪಕ್ಕದ ಸೀಟನ್ನೇ ಕೊಡಬೇಕೆಂದು ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ಸೂಚಿಸಿತು. ಅಪ್ಪ ಅಮ್ಮ ಜತೆಗಿರುವ ಮಗುವಿಗೆ ಅದರಿಂದ ಅನುಕೂಲವಾಯಿತು. ಯಾರೂ ಜತೆಗಿಲ್ಲದ ಮಗುವಿಗೆ ಇನ್ನೂ ಹೆಚ್ಚಿನ ಆಸರೆ ಬೇಕು. ರದ್ದಾದಾಗ ಮೊದಲ ವಿಮಾನದಲ್ಲಿ ಸೀಟು, ಹಸ್ತಾಂತರವಾದ ಪ್ರತಿ ಹಂತದಲ್ಲೂ ಪೋಷಕರಿಗೆ ಸಂದೇಶ, ಮನೆಯವರು ಬರುವವರೆಗೆ ಹೆಸರು ಹೇಳಿ ನೇಮಿಸಿದ ಒಬ್ಬ ಸಿಬ್ಬಂದಿ. ಈ ಮೂರನ್ನು ಎಲ್ಲ ಸಂಸ್ಥೆಗಳಿಗೂ ಕಡ್ಡಾಯ ಮಾಡಲು ಹೊಸ ಕಾನೂನೇ ಬೇಕಿಲ್ಲ, 2024ರಂಥದ್ದೇ ಇನ್ನೊಂದು ಸೂಚನೆ ಸಾಕು.

ಅಲ್ಲಿಯವರೆಗೆ ಪೋಷಕರೇ ಎಚ್ಚರ ವಹಿಸಬೇಕು. ನಡುವೆ ವಿಮಾನ ಬದಲಿಸಬೇಕಿಲ್ಲದ, ಬೆಳಗಿನ ನೇರ ವಿಮಾನ ಆರಿಸಿಕೊಳ್ಳುವುದು ಒಳ್ಳೆಯದು. ರಾತ್ರಿಯ ಕೊನೆಯ ವಿಮಾನ ರದ್ದಾದರೆ ಮುಂದಿನದು ಮರುದಿನವೇ. ವಿಮಾನ ನೆಲ ಬಿಡುವವರೆಗೂ ಬಿಡಲು ಹೋದವರು ನಿಲ್ದಾಣದಲ್ಲೇ ಇರಬೇಕು. ಮಗುವಿಗೆ ಅಪ್ಪ ಅಮ್ಮನ ಮೊಬೈಲ್ ನಂಬರ್ ಬಾಯಿಪಾಠವಾಗಿರಲಿ. ಮುಖ್ಯವಾಗಿ, ಹಣ ಕಟ್ಟುವ ಮುನ್ನ ಸಂಸ್ಥೆಯನ್ನು ಒಂದು ಪ್ರಶ್ನೆ ಕೇಳಿ: ವಿಮಾನ ಹೊರಡದಿದ್ದರೆ ನಮ್ಮ ಮಗುವಿನ ಪಕ್ಕದಲ್ಲಿ ಯಾರಿರುತ್ತಾರೆ? ಉತ್ತರವನ್ನು ಇಮೇಲ್‌ನಲ್ಲೇ ಪಡೆದುಕೊಳ್ಳಿ.