ಕಹಿ ತಿಂದರೆ ಸಿಹಿ ಇಳಿಯುವುದೇ?

ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆ ಎಂಬ ಸುದ್ದಿ ಹಬ್ಬುವುದಕ್ಕೆ ಒಂದು ದಿನ ಸಾಕು. ಔಷಧ ಹೇಳುವವರು ಬಾಗಿಲಿಗೆ ಬರುವುದಕ್ಕೆ ಎರಡನೆಯ ದಿನವೂ ಬೇಕಾಗುವುದಿಲ್ಲ. ಪಕ್ಕದ ಮನೆಯವರು ಹಾಗಲಕಾಯಿಯ ರಸವನ್ನು ಹೇಳುತ್ತಾರೆ. ಕಚೇರಿಯ ಸ್ನೇಹಿತರು ರಾತ್ರಿ ನೆನೆಹಾಕಿದ ಮೆಂತ್ಯವನ್ನು ಹೇಳುತ್ತಾರೆ. ಊರಿನಿಂದ ಬಂದ ಸೋದರತ್ತೆ ನೇರಳೆಬೀಜದ ಪುಡಿಯ ಪೊಟ್ಟಣವನ್ನು ಜೊತೆಯಲ್ಲಿಯೇ ತಂದಿರುತ್ತಾರೆ. ಬೆಳಗಿನ ವಾಯುವಿಹಾರದ ಗೆಳೆಯರಂತೂ ಹೊನ್ನೆಮರದ ಲೋಟವಿಲ್ಲದ ಮನೆಯನ್ನು ಮನೆಯೆಂದೇ ಎಣಿಸುವುದಿಲ್ಲ. ವಾರ ಕಳೆಯುವುದರೊಳಗಾಗಿ ಅಡಿಗೆಮನೆಯ ಗೂಡು ಒಂದು ಸಣ್ಣ ಗ್ರಂಧಿಗೆ ಅಂಗಡಿಯಾಗಿರುತ್ತದೆ.

ಇವರಲ್ಲಿ ಯಾರೂ ಕೇಡು ಬಯಸಿದವರಲ್ಲ. ಹೇಳುವ ಮಾತಿನಲ್ಲಿಯೂ ಎಲ್ಲವೂ ಸುಳ್ಳಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಈ ರೋಗವುಳ್ಳವರು ಸುಮಾರು 10 ಕೋಟಿ 10 ಲಕ್ಷ ಮಂದಿ. ಇಷ್ಟು ಜನರ ಅಡಿಗೆಮನೆಗಳಲ್ಲಿ ನಡೆಯುತ್ತಿರುವ ಚಿಕಿತ್ಸೆಯನ್ನು ನಕ್ಕು ತಳ್ಳಿಹಾಕುವುದು ವಿವೇಕವಲ್ಲ. ಕಣ್ಣು ಮುಚ್ಚಿ ನಂಬುವುದಂತೂ ಅಪಾಯ. ಯಾವ ಗಿಡ ಎಷ್ಟು ಕೆಲಸ ಮಾಡುತ್ತದೆ, ಯಾವುದರ ಬದಲಿಗೆ ಅದನ್ನು ಸೇವಿಸಲಾಗುತ್ತಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ವಿಷಯ ಬಹುಮಟ್ಟಿಗೆ ತಿಳಿಯಾಗುತ್ತದೆ.

ಕಹಿಯಾದದ್ದೆಲ್ಲ ಸಕ್ಕರೆಗೆ ಶತ್ರುವೆಂಬುದು ನಮ್ಮ ಜನರಲ್ಲಿ ಬೇರೂರಿದ ನಂಬಿಕೆ. ಬೇವು, ಹಾಗಲ, ಮೆಂತ್ಯ, ಅಮೃತಬಳ್ಳಿ ಎಲ್ಲವೂ ಈ ತರ್ಕದಿಂದಲೇ ಬಂದವು. ಆದರೆ ಕಹಿಯೆಂಬುದು ನಾಲಗೆಯ ಅನುಭವ, ರೋಗವಿರುವುದು ರಕ್ತದಲ್ಲಿ. ಈ ಎರಡರ ನಡುವಣ ಅಂತರವನ್ನು ಮಧುನಾಶಿನಿಯಷ್ಟು ಸೊಗಸಾಗಿ ತೋರಿಸುವ ಸಸ್ಯ ಮತ್ತೊಂದಿಲ್ಲ. ಈ ಬಳ್ಳಿಯ ಎರಡು ಎಲೆಗಳನ್ನು ಚೆನ್ನಾಗಿ ಅಗಿದು, ಬಳಿಕ ಒಂದು ಚಿಟಿಕೆ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ. ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಸಿಹಿಯ ರುಚಿಯೇ ಇರುವುದಿಲ್ಲ. ಊಟಿಯಲ್ಲಿ ಸರ್ಕಾರದ ಕ್ವಿನೈನ್ ರಸಾಯನಜ್ಞರಾಗಿದ್ದ ಡೇವಿಡ್ ಹೂಪರ್ ಎಂಬವರು ಈ ಎಲೆಯನ್ನು ಪರೀಕ್ಷಿಸಿ, ಅದರಲ್ಲಿನ ಆಮ್ಲವನ್ನು ಕುರಿತು 1887ರಲ್ಲಿಯೇ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಈ ಎಲೆಯ ಸತ್ತ್ವವು ನಾಲಗೆಯ ಮೇಲೆ ಸಿಹಿಯನ್ನು ಗುರುತಿಸುವ ಕಣಗಳನ್ನೇ ಸ್ವಲ್ಪ ಹೊತ್ತು ಕುರುಡಾಗಿಸುತ್ತದೆ. ಸಿಹಿ ತಿಳಿಯಲಿಲ್ಲವೆಂದ ಮಾತ್ರಕ್ಕೆ ಹೊಟ್ಟೆಗೆ ಹೋದ ಸಕ್ಕರೆ ಮಾಯವಾದೀತೆ? ಎಲೆಯನ್ನು ಅಗಿದು ಲಡ್ಡು ತಿಂದವನ ರಕ್ತಕ್ಕೆ ಲಡ್ಡುವಿನ ಲೆಕ್ಕ ಚೆನ್ನಾಗಿಯೇ ಗೊತ್ತಾಗುತ್ತದೆ. ಲಡ್ಡುವಿನ ಆಸೆಯೇ ಕಡಿಮೆಯಾದರೆ ಅದು ಬೇರೆ ಮಾತು; ಅಷ್ಟರ ಮಟ್ಟಿಗೆ ಎಲೆ ಉಪಕಾರಿಯೇ.

ಮಧುನಾಶಿನಿಗೆ ನಾಲಗೆಯಾಚೆಗೂ ಕೆಲಸವುಂಟೆಂದು ಮದರಾಸು ವಿಶ್ವವಿದ್ಯಾಲಯದವರು 1990ರಲ್ಲಿ ಪ್ರಕಟಿಸಿದರು. ಮಾತ್ರೆ ಸೇವಿಸುತ್ತಿದ್ದ 22 ಮಂದಿಗೆ, ಆ ಮಾತ್ರೆಗಳ ಜೊತೆಯಲ್ಲಿ, ಎಲೆಯ ಸಾರವನ್ನು ದಿನಕ್ಕೆ 400 ಮಿಲಿಗ್ರಾಂ ಪ್ರಮಾಣದಲ್ಲಿ ಹದಿನೆಂಟು ಇಪ್ಪತ್ತು ತಿಂಗಳು ಕೊಟ್ಟರು. ಅವರಲ್ಲಿ 5 ಮಂದಿಗೆ ಕ್ರಮೇಣ ಮಾತ್ರೆಗಳನ್ನು ಬಿಡುವುದು ಸಾಧ್ಯವಾಯಿತು. ಆಶೆ ಹುಟ್ಟಿಸುವ ಸಂಗತಿಯೇ. ಆದರೆ ಮಾರಾಟಗಾರರ ಕೈಪಿಡಿಗಳಲ್ಲಿ ಆ ಐವರು ಕಾಣುವಷ್ಟು ಚೆನ್ನಾಗಿ ಉಳಿದ ಹದಿನೇಳು ಮಂದಿ ಕಾಣುವುದಿಲ್ಲ. ಬಿಟ್ಟವರೂ ವೈದ್ಯರ ಕಣ್ಣೆದುರಿನಲ್ಲಿ, ರಕ್ತಪರೀಕ್ಷೆಯನ್ನು ನೋಡಿಕೊಂಡು ಬಿಟ್ಟವರು.

ಮೆಂತ್ಯದ ಕಥೆ ಇದಕ್ಕಿಂತ ಗಟ್ಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಅದನ್ನು ಆಹಾರದಲ್ಲಿ ಬೆರೆಸಿ ಪರೀಕ್ಷಿಸಿದರು. 1990ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ, ಹತ್ತು ದಿನಗಳ ಕಾಲ ಮೆಂತ್ಯದ ಪುಡಿ ತಿಂದ ರೋಗಿಗಳ ಮೂತ್ರದಲ್ಲಿ ಹೋಗುವ ಸಕ್ಕರೆ ಶೇಕಡಾ 54ರಷ್ಟು ಇಳಿಯಿತು. ಇದರಲ್ಲಿ ಪವಾಡವೇನೂ ಇಲ್ಲ. ಮೆಂತ್ಯದಲ್ಲಿ ಲೋಳೆಯಾಗುವ ನಾರು ಹೇರಳವಾಗಿದೆ; ಅದು ಕರುಳಿನಲ್ಲಿ ಉಬ್ಬಿ, ಅನ್ನದ ಪಿಷ್ಟವು ಸಕ್ಕರೆಯಾಗಿ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಆದರೆ ಅಲ್ಲಿ ಕೊಟ್ಟದ್ದೆಷ್ಟು? ಎಣ್ಣೆಯಂಶ ತೆಗೆದ ಪುಡಿ, ದಿನಕ್ಕೆ 100 ಗ್ರಾಂ, ಮಧ್ಯಾಹ್ನದ ಮತ್ತು ರಾತ್ರಿಯ ಊಟಗಳಲ್ಲಿ ಸಮಪಾಲಾಗಿ. ನಮ್ಮ ಮನೆಗಳಲ್ಲಿ ನೆನೆಹಾಕುವ ಒಂದು ಚಮಚೆಯಲ್ಲಿ ಇರುವುದು ನಾಲ್ಕೈದು ಗ್ರಾಂ. ಆ ಚಮಚೆಯನ್ನು ನುಂಗಿ, ಆ ನೂರು ಗ್ರಾಮಿನ ಫಲವನ್ನು ನಿರೀಕ್ಷಿಸುವುದು, ಕಾಲಾಣೆ ಕೊಟ್ಟು ರೇಷ್ಮೆ ಸೀರೆ ಕೇಳಿದಂತೆ. ಹಾಗೆಂದು ಮೆಂತ್ಯ ವ್ಯರ್ಥವಲ್ಲ. ಅದನ್ನು ಖಾಲಿ ಹೊಟ್ಟೆಯ ಔಷಧವೆಂದು ನುಂಗುವುದಕ್ಕಿಂತ ದೋಸೆಯ ಹಿಟ್ಟಿಗೆ, ರೊಟ್ಟಿಗೆ, ಹುಳಿಗೆ ಧಾರಾಳವಾಗಿ ಸೇರಿಸಿದರೆ ಅದರ ಗುಣ ಸಲ್ಲಬೇಕಾದ ಕಡೆಗೆ ಸಲ್ಲುತ್ತದೆ.

ಹೊನ್ನೆಮರದ ಲೋಟದಲ್ಲಿ ರಾತ್ರಿಯಿಟ್ಟ ನೀರು ಬೆಳಗಿಗೆ ಕಂದುಬಣ್ಣವಾಗುವುದನ್ನು ಕಂಡವರಿಗೆ ಭಕ್ತಿ ಹುಟ್ಟುವುದು ಸಹಜ. ಹೊನ್ನೆಯನ್ನು ಆಯುರ್ವೇದವು ವಿಜಯಸಾರವೆಂದು ಕರೆದಿದೆ. ವೈದ್ಯಕೀಯ ಸಂಶೋಧನಾ ಮಂಡಳಿಯವರು, ರೋಗ ಹೊಸದಾಗಿ ಪತ್ತೆಯಾದ 97 ಮಂದಿಗೆ ಅದರ ಸಾರವನ್ನು ಕೊಟ್ಟು, 12 ವಾರಗಳಲ್ಲಿ 67 ಮಂದಿಗೆ ಹತೋಟಿ ದೊರೆಯಿತೆಂದು 1998ರಲ್ಲಿ ವರದಿ ಮಾಡಿದರು. ಆದರೆ ಹೋಲಿಕೆಗೆಂದು ಬೇರೊಂದು ಗುಂಪು ಅಲ್ಲಿರಲಿಲ್ಲ. ಮೇಲಾಗಿ ಅವರು ಕೊಟ್ಟದ್ದು ಅಳೆದು ತೂಗಿದ ಸಾರ, ಲೋಟದ ನೀರಲ್ಲ. ನೇರಳೆಯ ಭಾಗ್ಯ ಇನ್ನೂ ಸಣ್ಣದು: ಬ್ರೆಜಿಲ್ ದೇಶದ ವೈದ್ಯರು ನೇರಳೆ ಎಲೆಯ ಕಷಾಯವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ, ರಕ್ತದ ಸಕ್ಕರೆಯ ಮೇಲೆ ಅದರಿಂದ ಪರಿಣಾಮವೇನೂ ಇಲ್ಲವೆಂದು 2004ರಲ್ಲಿ ತಿಳಿಸಿದರು. ಬೀಜಕ್ಕೆ ಅಂಥ ಕಟ್ಟುನಿಟ್ಟಿನ ಪರೀಕ್ಷೆಯ ಬೆಂಬಲ ಸಾಲದು.

ಹಾಗಲಕಾಯಿಯಲ್ಲಿ ಶಕ್ತಿಯುಂಟು, ಆದರೆ ಅಲ್ಪ. ಥಾಯ್ಲೆಂಡಿನಲ್ಲಿ ಅದನ್ನು ಮೆಟ್‌ಫಾರ್ಮಿನ್ ಮಾತ್ರೆಯೊಡನೆ ಹೋಲಿಸಿದಾಗ, 2 ಗ್ರಾಂ ಹಾಗಲದ ಪುಡಿಯು ಸಕ್ಕರೆಯನ್ನು ಕೊಂಚ ಇಳಿಸಿತು. ಮಾತ್ರೆಯ ಸಮಕ್ಕೆ ಬರಲಿಲ್ಲ. ಅಲ್ಪವಾದದ್ದೂ ಮತ್ತೊಂದರ ಜೊತೆ ಸೇರಿದಾಗ ಅಪಾಯವಾದೀತು. ಕ್ಲೋರ್‌ಪ್ರೊಪಮೈಡ್ ಎಂಬ ಮಾತ್ರೆ ಸೇವಿಸುತ್ತಿದ್ದ ಮಹಿಳೆಯೊಬ್ಬರ ಸಕ್ಕರೆ, ಹಾಗಲದ ಪಲ್ಯ ಉಂಡ ದಿನಗಳಲ್ಲಿ ಬೇರೆಯಾಗಿ ನಡೆಯುತ್ತಿದ್ದುದನ್ನು 1979ರಲ್ಲಿ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಮಾತ್ರೆಯೂ ರಸವೂ ಒಟ್ಟಿಗೆ ಕೆಲಸ ಮಾಡಿ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬೆವರು, ನಡುಕ, ತೀವ್ರವಾದ ಹಸಿವು, ಮಾತಿನ ತಡವರಿಕೆ ಕಾಣಿಸಿಕೊಳ್ಳುತ್ತವೆ. ಆಗ ಬೇಕಾದದ್ದು ಸಕ್ಕರೆಯೇ.

ಗಿಡವೊಂದು ಔಷಧವಾಗುವ ಬಗೆಯನ್ನು ತಿಳಿಯಬೇಕಾದರೆ ಯೂರೋಪಿನ ಹೊಲಗಳ ಕಡೆಗೆ ನೋಡಬೇಕು. ಅಲ್ಲಿ ಗಲೇಗ ಎಂಬ ನೀಲಿ ಹೂವಿನ ಸಸ್ಯವೊಂದುಂಟು. ಹಳೆಯ ನಾಟಿವೈದ್ಯರು ಅದನ್ನು ನಾನಾ ರೋಗಗಳಿಗೆ ಕೊಡುತ್ತಿದ್ದರು. ಅದನ್ನು ಹೆಚ್ಚಾಗಿ ಮೇಯ್ದ ಕುರಿಗಳು ಸಾಯುವುದೂ ಉಂಟು. ಅದರ ಸತ್ತ್ವವನ್ನು 1920ರ ದಶಕದಲ್ಲಿ ರೋಗಿಗಳಿಗೆ ಕೊಟ್ಟುನೋಡಿದರು. ಸಕ್ಕರೆ ಇಳಿಯಿತು, ಆದರೆ ವಿಷದ ಗುಣ ಉಳಿಯಿತು. ಅದೇ ಜಾತಿಯ, ವಿಷ ಕಡಿಮೆಯಾದ ದ್ರವ್ಯವೊಂದನ್ನು ಡಬ್ಲಿನ್ ನಗರದ ರಸಾಯನಜ್ಞರು 1922ರಲ್ಲಿ ತಯಾರಿಸಿದ್ದರು. ಪ್ಯಾರಿಸಿನ ವೈದ್ಯ ಝಾನ್ ಸ್ಟರ್ನ್ ಅದನ್ನು ರೋಗಿಗಳಲ್ಲಿ ಪ್ರಯೋಗಿಸಿ 1957ರಲ್ಲಿ ಫಲವನ್ನು ಪ್ರಕಟಿಸಿದರು. ಅದೇ ಮೆಟ್‌ಫಾರ್ಮಿನ್, ಇಂದು ಜಗತ್ತಿನ ಕೋಟ್ಯಂತರ ಜನ ಸೇವಿಸುವ, ಬಹು ಅಗ್ಗವಾದ ಮಾತ್ರೆ. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ತೆಗೆದ ಫ್ಲೋರಿಜಿನ್ ಎಂಬ ಕಹಿವಸ್ತುವೂ ಹೀಗೆಯೇ, ಮೂತ್ರದ ಮೂಲಕ ಸಕ್ಕರೆಯನ್ನು ಹೊರಗೆ ಕಳಿಸುವ ಇತ್ತೀಚಿನ ಮಾತ್ರೆಗಳಿಗೆ ದಾರಿ ತೋರಿಸಿತು. ಇಂಗ್ಲಿಷ್ ಔಷಧವೆಂದು ಮಾತ್ರೆಯನ್ನು ಎಸೆದು ಗಿಡಮೂಲಿಕೆಯೆಂದು ಚೂರ್ಣವನ್ನು ಹಿಡಿಯುವವರು, ಎಸೆದದ್ದೂ ಗಿಡದ ವಂಶದ್ದೇ ಎಂಬುದನ್ನು ಅರಿಯರು.

ಇಷ್ಟರವರೆಗೆ ಹೇಳಿದ್ದು ಬಹುಮಟ್ಟಿಗೆ ವಯಸ್ಸಾದವರಲ್ಲಿ ಸಾಮಾನ್ಯವಾದ, ನಿಧಾನವಾಗಿ ಬರುವ ರೋಗದ ಮಾತು. ಮಕ್ಕಳಲ್ಲಿಯೂ ಎಳೆಯರಲ್ಲಿಯೂ ಹಠಾತ್ತನೆ ಬರುವ ಮೊದಲನೆಯ ಬಗೆಯದು ಬೇರೆ. ಅದರಲ್ಲಿ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟಿರುತ್ತದೆ. 1922ರ ಜನವರಿ 11ರಂದು ಕೆನಡಾ ದೇಶದ ಟೊರಾಂಟೋ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗ ಎಲುಬಿನ ಹಂದರವಾಗಿ ಮಲಗಿದ್ದ. ತೂಕ ಮೂವತ್ತು ಕಿಲೋಗ್ರಾಮಿಗೂ ಕಡಿಮೆ. ಇನ್ಸುಲಿನ್ ಚುಚ್ಚಿಸಿಕೊಂಡ ಮೊದಲಿಗ ಅವನೇ. ಮೊದಲ ಸೂಜಿಯಿಂದ ಹೆಚ್ಚು ಗುಣ ಕಾಣಲಿಲ್ಲ. ಹನ್ನೆರಡು ದಿನಗಳ ಬಳಿಕ ಶುದ್ಧಪಡಿಸಿದ ಔಷಧವನ್ನು ಕೊಟ್ಟಾಗ ಹುಡುಗ ಚೇತರಿಸಿಕೊಂಡು, ಮತ್ತೆ ಹದಿಮೂರು ವರ್ಷ ಬದುಕಿದ. ಅದಕ್ಕೆ ಮುಂಚೆ ಜಗತ್ತಿನಲ್ಲಿ ಹಾಗಲವಿರಲಿಲ್ಲವೆ? ಮೆಂತ್ಯವಿರಲಿಲ್ಲವೆ? ನೇರಳೆಬೀಜವು ಐರೋಪ್ಯ ಔಷಧಾಲಯಗಳಲ್ಲಿಯೂ ದೊರೆಯುತ್ತಿತ್ತು. ಆದರೂ ಇಂಥ ಮಕ್ಕಳು ವರ್ಷ ಎರಡು ವರ್ಷಗಳೊಳಗೆ ಕಣ್ಣು ಮುಚ್ಚುತ್ತಿದ್ದರು. ಈ ಬಗೆಯ ಮಗುವಿಗೆ ಯಾವ ಅಳಲೆಕಾಯಿ ಪಂಡಿತನ ಮಾತಿನಿಂದಲಾದರೂ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು. ಆಗ ಆಸ್ಪತ್ರೆಗೆ ಓಡುವುದರಲ್ಲಿ ಒಂದು ಗಂಟೆಯೂ ತಡವಾಗಕೂಡದು.

ಹಿತ್ತಿಲಿನಲ್ಲಿ ‘ಇನ್ಸುಲಿನ್ ಗಿಡ’ವೆಂದು ಬೆಳೆಸುವ ಸಸ್ಯದ ಹೆಸರೇ ಅನೇಕರನ್ನು ಮೋಸಗೊಳಿಸಿದೆ. ದಕ್ಷಿಣ ಅಮೆರಿಕದಿಂದ ಬಂದ ಆ ಗಿಡದಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಜಠರವು ಅದನ್ನು ಜೀರ್ಣಿಸಿಬಿಡುತ್ತಿತ್ತು. ಇನ್ಸುಲಿನ್ನನ್ನು ಸೂಜಿಯಿಂದಲೇ ಕೊಡಬೇಕಾಗಿ ಬಂದುದಕ್ಕೆ ಕಾರಣವೂ ಇದೇ.

ಇನ್ನು, ಪುಡಿ ಸೇವಿಸಿದ ಮೂರೇ ದಿನಗಳಲ್ಲಿ ಸಕ್ಕರೆ ನೂರಾರು ಅಂಕ ಇಳಿದರೆ ಸಂತೋಷಪಡುವ ಮುನ್ನ ಸಂಶಯಪಡಬೇಕು. ‘ಗಿಡಮೂಲಿಕೆ’ ಎಂದು ಮಾರುತ್ತಿದ್ದ ಕೆಲವು ಚೀನೀ ಗುಳಿಗೆಗಳಲ್ಲಿ ಗುಪ್ತವಾಗಿ ಗ್ಲೈಬುರೈಡ್ ಮತ್ತು ಫೆನ್‌ಫಾರ್ಮಿನ್ ಬೆರೆಸಿದ್ದುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2000ದಲ್ಲಿ ಪತ್ತೆಯಾಯಿತು. ಫೆನ್‌ಫಾರ್ಮಿನ್ ಪ್ರಾಣಕ್ಕೇ ಎರವಾಗಬಲ್ಲದೆಂದು ಆ ದೇಶದಲ್ಲಿ 1970ರ ದಶಕದಲ್ಲಿಯೇ ಹಿಂದೆಗೆದುಕೊಂಡಿದ್ದ ಔಷಧ. ನಮ್ಮಲ್ಲಿ 1954ರ ಕಾಯಿದೆಯೊಂದು ಮಧುಮೇಹವನ್ನು ಗುಣಪಡಿಸುತ್ತೇವೆಂಬ ಜಾಹೀರಾತನ್ನೇ ನಿಷೇಧಿಸಿದೆ. ‘ಬುಡಸಮೇತ ವಾಸಿ’ ಎಂದು ಸಾರುವವನು ಔಷಧಕ್ಕೆ ಮುಂಚೆ ಕಾನೂನನ್ನೇ ಅರೆದಿರುತ್ತಾನೆ.

ಆಯುರ್ವೇದದ ಹೆಸರನ್ನು ಹೇಳುವವರು ಸುಶ್ರುತನನ್ನು ಪೂರ್ಣವಾಗಿ ಕೇಳುವುದೂ ಅಪರೂಪ. ಹುಟ್ಟಿನಿಂದ ಬರುವ ಪ್ರಮೇಹ ಬೇರೆ, ಅಪಥ್ಯದಿಂದ ಬರುವುದು ಬೇರೆ, ಕೃಶನಿಗೆ ಪೋಷಣೆ ಬೇಕು, ಸ್ಥೂಲನಿಗೆ ಕರಗಿಸುವ ಚಿಕಿತ್ಸೆ ಬೇಕು ಎಂದು ಅವನು ಅಂದೇ ವಿಂಗಡಿಸಿದ. ಹಣವಿಲ್ಲದ ರೋಗಿಗೆ ಅವನು ವಿಧಿಸಿದ್ದು ಚೂರ್ಣವಲ್ಲ: ನೂರು ಯೋಜನ ನಡೆಯಬೇಕು, ದನಗಳ ಹಿಂದೆ ತಿರುಗಬೇಕು, ಬಾವಿ ತೋಡಬೇಕು. ಪುಡಿಯನ್ನು ಸುಶ್ರುತನ ಹೆಸರಿನಲ್ಲಿ ನುಂಗುವವರು ಈ ಬಾವಿಯ ಮಾತನ್ನು ಮಾತ್ರ ಎತ್ತುವುದಿಲ್ಲ. ಸಕ್ಕರೆಗೆ ಬದಲಾಗಿ ಬೆಲ್ಲವನ್ನೋ ಜೇನನ್ನೋ ಬಳಸಿ ನೆಮ್ಮದಿ ಪಡುವವರೂ ಇದೇ ಗುಂಪಿನವರು. ರಕ್ತಕ್ಕೆ ಆ ಭೇದ ತಿಳಿಯದು.

ಹಾಗಲವನ್ನೋ ಮಧುನಾಶಿನಿಯನ್ನೋ ಸೇವಿಸಬೇಕೆನ್ನುವವರಿಗೆ ಅಡ್ಡಿಯಿಲ್ಲ. ಒಂದೊಂದಾಗಿ ಸೇವಿಸಬೇಕು, ಐದನ್ನು ಒಟ್ಟಿಗೆ ನುಂಗಿದರೆ ಗುಣವಾಗಲಿ ಕೆಡುಕಾಗಲಿ ಯಾವುದರಿಂದ ಬಂದಿತೆಂದು ತಿಳಿಯುವುದಿಲ್ಲ. ಬಸುರಿಯರು, ಮೂತ್ರಪಿಂಡ ಯಕೃತ್ತುಗಳ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಾತ್ರೆಯನ್ನಾಗಲಿ ಸೂಜಿಯನ್ನಾಗಲಿ ತಾವಾಗಿ ನಿಲ್ಲಿಸಕೂಡದು. ಒಂದು ದಿನದ ಸಕ್ಕರೆಯ ಅಂಕವನ್ನು ನೋಡಿ ಹಿಗ್ಗುವುದಕ್ಕಿಂತ, ಎರಡು ಮೂರು ತಿಂಗಳುಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮೊದಲೊಮ್ಮೆ, ಮೂರು ತಿಂಗಳ ಬಳಿಕ ಮತ್ತೊಮ್ಮೆ ಮಾಡಿಸುವುದು ಲೇಸು. ವೈದ್ಯರ ಬಳಿ ಹೋಗುವಾಗ ಮಾತ್ರೆಗಳ ಚೀಟಿಯ ಜೊತೆಗೆ ಗೂಡಿನಲ್ಲಿರುವ ಪುಡಿಯ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಸೋದರತ್ತೆಯ ಪೊಟ್ಟಣವನ್ನು ವೈದ್ಯರಿಂದ ಮುಚ್ಚಿಡುವವರೇ ಹೆಚ್ಚು.