ಮುದ್ರೆಯೂ ಗುಣವೂ

ಪೆಟ್ಟಿಗೆಯ ಮೇಲಿನ ಮುದ್ರೆಯನ್ನು ನಂಬಿ ಹಣ ತೆರುವವನು ಕೊಳ್ಳುವುದು ಒಳಗಿನ ವಸ್ತುವಿನ ಗುಣವನ್ನೋ, ಮುದ್ರೆ ಒತ್ತಿದವರ ಅಧಿಕಾರವನ್ನೋ? ವಿಡಿಯೋ ಆಟಗಳ ಇತಿಹಾಸವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1977ರಲ್ಲಿ ಅಮೆರಿಕದ ಅಟಾರಿ ಸಂಸ್ಥೆ ಹೊರತಂದ ಕನ್ಸೋಲಿಗೆ, ಅಂದರೆ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರಕ್ಕೆ, ಹೊರಗಿನವರನ್ನು ತಡೆಯುವ ಬೀಗವಿರಲಿಲ್ಲ. ಆಟ ರಚಿಸಬಲ್ಲವರೆಲ್ಲ ರಚಿಸಿದರು, ಮಾರಿದರು. ಕಾಳಿಗಿಂತ ಜೊಳ್ಳೇ ಮಿಗಿಲಾಯಿತು. 1983ರಲ್ಲಿ ಮಾರುಕಟ್ಟೆ ಕುಸಿದಾಗ ಅಟಾರಿಯು ಮಾರಾಟವಾಗದ ತನ್ನ ಆಟಗಳನ್ನೇ ನ್ಯೂ ಮೆಕ್ಸಿಕೋದ ಕಸದ ಗುಂಡಿಯೊಂದರಲ್ಲಿ ಹೂಳಿಸಿತು.

ಈ ಪಾಠವನ್ನು ಜಪಾನಿನ ನಿಂಟೆಂಡೊ ಚೆನ್ನಾಗಿ ಕಲಿಯಿತು. 1985ರಲ್ಲಿ ಅಮೆರಿಕಕ್ಕೆ ಬಂದ ಅದರ ಯಂತ್ರದೊಳಗೆ ಬೀಗದಂಥ ಚಿಪ್ ಒಂದಿತ್ತು. ಅದಕ್ಕೆ ಹೊಂದುವ ಕೀಲಿ ಇಲ್ಲದ ಆಟ ನಡೆಯುತ್ತಿರಲಿಲ್ಲ. ಹೊರಗಿನ ಪ್ರಕಾಶಕರು ವರ್ಷಕ್ಕೆ ಐದು ಆಟಗಳನ್ನು ಮಾತ್ರ ತರಬೇಕು. ಕಾರ್ಟ್ರಿಜ್‌ಗಳನ್ನು ನಿಂಟೆಂಡೊವಿನಿಂದಲೇ ಮಾಡಿಸಬೇಕು. ರಕ್ತಪಾತಕ್ಕೂ ಮತಚಿಹ್ನೆಗಳಿಗೂ ಕತ್ತರಿ. ಇಷ್ಟಕ್ಕೆ ಒಪ್ಪಿದ ಆಟಕ್ಕೆ ‘ಗುಣಮಟ್ಟದ ಮುದ್ರೆ’ ದೊರೆಯುತ್ತಿತ್ತು. ಈ ಕಾವಲಿನಿಂದ ಕೊಳ್ಳುವವರ ನಂಬಿಕೆ ಮರಳಿತೆಂಬುದು ನಿಜ. ಕಾವಲಿನ ಚಾವಡಿಯೇ ಸುಂಕದ ಕಟ್ಟೆಯೂ ಆಯಿತೆಂಬುದು ಅಷ್ಟೇ ನಿಜ. ಮುದ್ರೆ ಹೊತ್ತ ಕಳಪೆ ಆಟಗಳಿಗೂ ಕೊರತೆಯಿರಲಿಲ್ಲ. 2003ರಲ್ಲಿ ನಿಂಟೆಂಡೊ ತನ್ನ ಅಮೆರಿಕದ ಮುದ್ರೆಯಿಂದ ‘ಗುಣಮಟ್ಟ’ ಎಂಬ ಮಾತನ್ನೇ ಕೈಬಿಟ್ಟಿತು. ಅಂದಿನಿಂದ ಮುದ್ರೆ ಸತ್ಯಕ್ಕೆ ತುಸು ಹತ್ತಿರವಾಯಿತೆನ್ನಬೇಕು.

ಬಳಿಕ ಅಂತರಜಾಲವು ಆಟವನ್ನು ನೇರವಾಗಿ ಮನೆಗೇ ತಂದಿತು. ಒಬ್ಬಿಬ್ಬರೇ ರಚಿಸಿದ ಆಟಕ್ಕೂ ಬಾಗಿಲು ತೆರೆಯಿತು. ಇದು ಸಣ್ಣ ಲಾಭವಲ್ಲ. ಆದರೆ ಮಾರಿದ ಮೇಲೂ ತಿದ್ದಬಹುದೆಂಬ ಸೌಕರ್ಯವು ತಿದ್ದದೆಯೇ ಮಾರುವ ಅಭ್ಯಾಸಕ್ಕೆ ಎಡೆಗೊಟ್ಟಿತು. ಕನ್ಸೋಲ್ ಸಂಸ್ಥೆಗಳ ಪರೀಕ್ಷೆ ಇಂದಿಗೂ ಉಂಟು. ಅದು ಮುಖ್ಯವಾಗಿ ನೋಡುವುದು ಆಟ ನಡುವೆ ಸ್ತಬ್ಧವಾಗುವುದೆ ಎಂಬಂಥ ತಾಂತ್ರಿಕ ಸಂಗತಿಗಳನ್ನು. ಅದೂ ಸಡಿಲವಾಗಬಲ್ಲುದು. 2020ರ ಡಿಸೆಂಬರಿನಲ್ಲಿ ಹೊರಬಂದ ಪೋಲೆಂಡಿನ ‘ಸೈಬರ್‌ಪಂಕ್ 2077’ ಹಳೆಯ ಕನ್ಸೋಲ್‌ಗಳಲ್ಲಿ ಪದೇಪದೇ ಕೆಟ್ಟು ನಿಂತಿತು. ಬಿಡುಗಡೆಯ ಹೊತ್ತಿಗೆ ಸರಿಪಡಿಸುವೆವೆಂದು ನಂಬಿ ಪರೀಕ್ಷೆಯಲ್ಲಿ ದಾಟಿಸಿರಬೇಕೆಂದು ತಯಾರಕರೇ ಆಮೇಲೆ ಹೇಳಿದರು. ಸೋನಿ ಸುಮಾರು ಒಂದು ವಾರದಲ್ಲಿ ಅದನ್ನು ತನ್ನ ಅಂಗಡಿಯಿಂದ ತೆಗೆದು, ಹಣ ಹಿಂದಿರುಗಿಸಲು ಒಪ್ಪಿತು; 2021ರ ಜೂನ್‌ವರೆಗೆ ಅದು ಅಲ್ಲಿಗೆ ಮರಳಲಿಲ್ಲ.

ನಮ್ಮ ಹಳೆಯ ಗ್ರಂಥಗಳ ಕೊನೆಗೆ ಒಪ್ಪೋಲೆ ಇರುತ್ತಿತ್ತು. ಕರಡು ತಿದ್ದಿದ ಮೇಲೂ ಉಳಿದ ತಪ್ಪುಗಳಿಗೆ ಅದು ವಿನಯದ ಒಪ್ಪಿಗೆ. ಕರಡನ್ನೇ ಗ್ರಂಥವೆಂದು ಮಾರಿ ಒಪ್ಪೋಲೆಯನ್ನು ಆಮೇಲೆ ಕಳಿಸುವುದು ಬೇರೆ ಮಾತು. ಅಲ್ಲಿ ಹಣ ಕೊಟ್ಟು ಕೊಂಡ ಓದುಗನೇ ಕರಡು ತಿದ್ದುವವನಾಗುತ್ತಾನೆ. ಕಾವಲು ಬಿಗಿಯೋ ಸಡಿಲವೋ ಎಂಬುದಕ್ಕಿಂತ, ಕಾವಲು ತಪ್ಪಿದಾಗ ದಂಡ ತೆರುವವರು ಯಾರು ಎಂಬುದೇ ಕೇಳಬೇಕಾದ ಪ್ರಶ್ನೆ.